ಕೆಂಧೂಳಿನ ಊರಲ್ಲಿ ಗೇಮು ಬಿಚ್ಚುವ ಲಾಲಸಾಬ್

ಬೆಳಗಿನ ಐದೂವರೆ. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಸಗಟು ಅಂಗಡಿಗಳ ಕದ ಇನ್ನೂ ತೆರೆದಿಲ್ಲ. ಬೀದಿ ಗುಡಿಸುವವರು ಮೂಲೆಯ ಹೋಟೆಲಿನ ಮುಂದೆ ಪೊರಕೆ ಕಂಕುಳಲ್ಲಿಟ್ಟುಕೊಂಡು ಚಹಾ ಕುಡಿಯುತ್ತಿದ್ದಾರೆ. ಆ ಪೊರಕೆಗಳು ಈ ಓಣಿಗೆ ಬರುವಷ್ಟರಲ್ಲಿ ಲಾಲಸಾಬ್ ತಮ್ಮ ನಾಜೂಕಿನ ಕೆಲಸ ಮುಗಿಸಿರಬೇಕು. ಆರಡಿ ಅಗಲದ ಅಂಗಡಿ. ಬಾಗಿಲಿಗೆ ಅವರ ಹೆಂಡತಿ ಸುಗ್ರಾಬಿ ಒದ್ದೆ ಮಾಡಿ ಇಳಿಬಿಟ್ಟ ಹಳೆಯ ಚಾದರ. ಅದರ ಅಂಚಿನಿಂದ ನೀರು ತೊಟ್ಟಿಕ್ಕುತ್ತಿದೆ. ಒಳಗೆ ಒಂದೇ ಬಲ್ಬು. ಅದರ ಕೆಳಗೆ, ಬಲಗಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಐವತ್ತೊಂಬತ್ತು ವರ್ಷದ ಮನುಷ್ಯ ಉಸಿರು ಬಿಗಿಹಿಡಿದು ಕೂತಿದ್ದಾರೆ.

ಮೇಜಿನ ಮೇಲೆ, ಬಿಳಿ ಅರಿವೆಯ ಮೇಲೆ, ಅಂಗೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರವೊಂದು ಬೆನ್ನು ಬಿಚ್ಚಿಕೊಂಡು ಮಲಗಿದೆ.

"ಈಗ ಗಾಳಿ ಮಲಗಿರ್ತೈತ್ರಿ," ಎನ್ನುತ್ತಾರೆ ಲಾಲಸಾಬ್, ತಲೆ ಎತ್ತದೆ. "ಅದು ಎದ್ದ ಮ್ಯಾಲ ಈ ಊರಾಗ ಏನೂ ಬಿಚ್ಚಾಕ ಬರಂಗಿಲ್ಲ."

ಚೀನಾಕ್ಕೆ ಅದಿರು ಹೋಗಲು ಶುರುವಾದಾಗಿನಿಂದ ಬಳ್ಳಾರಿಯಲ್ಲಿ ಧೂಳು ಮನೆಯವರಲ್ಲಿ ಒಂದಾಗಿದೆ. ಅದು ಹಾಲಿನ ಕೆನೆಯ ಮೇಲೂ ಕೂರುತ್ತದೆ, ಮಡಿಸಿಟ್ಟ ಸೀರೆಯ ಒಳಮಡಿಕೆಗೂ ಇಳಿಯುತ್ತದೆ. ಗೇಮ್ ಯಂತ್ರದ ಬಟನ್ನಿನ ಸಂದಿ ಅದಕ್ಕೆ ಯಾವ ಲೆಕ್ಕ? ವಾರಕ್ಕೆ ನಾಲ್ಕೋ ಐದೋ ಯಂತ್ರಗಳು ಈ ಮೇಜಿಗೆ ಬರುತ್ತವೆ. ಒಂದೊಂದನ್ನೂ ಕುದುರೆಕೂದಲಿನ ಬ್ರಷ್ಷಿನಿಂದ ಇಪ್ಪತ್ತು ನಿಮಿಷ ಹೊರಗಿಂದ ಉಜ್ಜಿದ ಮೇಲೆಯೇ ಸ್ಕ್ರೂ ಮುಟ್ಟುವುದು. ಐದು ವರ್ಷಗಳಲ್ಲಿ ಸಾವಿರದ ನೂರಕ್ಕೂ ಹೆಚ್ಚು ಯಂತ್ರಗಳು ಈ ಕೈಯಲ್ಲಿ ಹೊಸ ಜೀವ ಪಡೆದು ಹೋಗಿವೆ. ಹಾಗಿದ್ದರೂ ಹೊರಗಿನ ಬೋರ್ಡಿನ ಮೇಲೆ ಇವತ್ತಿಗೂ ಇರುವುದು 'ವಾಚ್ ರಿಪೇರಿ' ಎಂದೇ.

ಲಾಲಸಾಬ್ ಕಲಿತದ್ದು ನಾಲ್ಕನೆಯ ಇಯತ್ತೆ. ಹನ್ನೊಂದನೆಯ ವಯಸ್ಸಿಗೆ ತಂದೆಯ ಪಕ್ಕ ಕೂತು ಗಡಿಯಾರದ ಹಲ್ಲುಚಕ್ರ ಎಣಿಸಲು ಕಲಿತರು. ಕೈಯಲ್ಲಿ ಮೊಬೈಲ್ ಬಂದ ಮೇಲೆ ಜನ ವಾಚು ಕಟ್ಟುವುದನ್ನು ಬಿಟ್ಟರು. ಎರಡು ವರ್ಷ ಅಂಗಡಿಯಲ್ಲಿ ನೊಣ ಹೊಡೆದದ್ದೇ ಬಂತು. ಆಗ ಒಂದು ದಿನ ಗಣಿ ಧಣಿಯೊಬ್ಬರ ಮನೆಯ ಡ್ರೈವರು ಇಂಥದೊಂದು ಯಂತ್ರ ತಂದು ಮೇಜಿನ ಮೇಲಿಟ್ಟ. ದುಬೈನಿಂದ ತಂದದ್ದು, ವಾರದಲ್ಲೇ ಕೆಟ್ಟಿತ್ತು. ಮನೆಯಲ್ಲಿ ಆಗಲೇ ಎರಡನೆಯದು ಬಂದಿತ್ತು, ಇದನ್ನು ಎಸೆಯಲು ಹೇಳಿದ್ದರು.

"ಎಸಿಯೋ ವಸ್ತು, ನೋಡಿ ಕೊಡ್ತೀನಿ ಅಂದೆ. ಬಿಚ್ಚಿದೆ. ಯವ್ವಾ! ಒಳಗ ಊರs ಐತಿ. ಓಣಿ, ಗಲ್ಲಿ, ಟಾಕಿ ಎಲ್ಲಾ ಐತಿ. ಮೂರು ದಿನ ಅದರಾಗs ತಿರುಗಿದೆ."

ನಾಲ್ಕನೆಯ ದಿನ ಯಂತ್ರ ಎದ್ದಿತು. ಮೋಟಾರು ಗ್ಯಾರೇಜುಗಳಲ್ಲಿ, ಅದಿರು ಲಾರಿಗಳ ಸಾಲಿನಲ್ಲಿ ಸುದ್ದಿ ಹಬ್ಬಿತು. ಧಣಿಗಳ ಮನೆಯಲ್ಲಿ ಬೇಡವಾದ ಯಂತ್ರಗಳು ಡ್ರೈವರುಗಳ ಕೈಗೆ ಇಳಿದಿದ್ದವು. ಲೋಡಿಗಾಗಿ ಎರಡೆರಡು ದಿನ ಸಾಲಿನಲ್ಲಿ ನಿಲ್ಲುವವರಿಗೆ ಆಟಕ್ಕಿಂತ ದೊಡ್ಡ ಗೆಳೆಯ ಯಾರು?

ಆದರೆ ಕೆಟ್ಟದ್ದನ್ನು ಸರಿ ಮಾಡುವುದು ಒಂದು, ಬೀಗ ತೆಗೆಯುವುದು ಇನ್ನೊಂದು. ಕಂಪನಿಯವರು ಯಂತ್ರಕ್ಕೆ ಒಳಗಿನಿಂದ ಬೀಗ ಹಾಕಿ ಮಾರುತ್ತಾರೆ. ಅವರು ಒಪ್ಪಿದ ಆಟ ಬಿಟ್ಟು ಬೇರೇನೂ ಅದರಲ್ಲಿ ಓಡುವುದಿಲ್ಲ. ಆ ಬೀಗ ತೆಗೆಯುವವರ ಒಂದು ದೊಡ್ಡ ಬಳಗ ಜಗತ್ತಿನ ತುಂಬ ಇದೆ, ಅವರು ಇಂಟರ್ನೆಟ್ಟಿನಲ್ಲಿ ಒಬ್ಬರಿಗೊಬ್ಬರು ಬರೆದುಕೊಳ್ಳುತ್ತಾರೆ ಎಂಬುದು ಲಾಲಸಾಬರಿಗೆ ಗೊತ್ತಾದದ್ದು ಗೋಪಾಲಕೃಷ್ಣಾಚಾರ್ಯರಿಂದ. ಆಚಾರ್ಯರು ಅಂಚೆ ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು, ಮನೆ ಕಂಟೋನ್ಮೆಂಟಿನಲ್ಲಿ. ತಂದೆಯ ಕಾಲದ ಗಡಿಯಾರಕ್ಕೆ ಕೀಲೆಣ್ಣೆ ಹಾಕಿಸಲು ಬಂದವರು ಇಲ್ಲಿಯೇ ಉಳಿದುಬಿಟ್ಟರು.

ಈಗ ದಿನವೂ ಹತ್ತು ಗಂಟೆಗೆ ಇಬ್ಬರೂ ಸೈಬರ್ ಅಂಗಡಿಯಲ್ಲಿ ಒಂದೇ ಬೆಂಚಿನ ಮೇಲೆ ಕೂರುತ್ತಾರೆ. ಇಂಗ್ಲಿಷು ಆಚಾರ್ಯರದು, ವಿದ್ಯೆ ಲಾಲಸಾಬರದು. ಆಚಾರ್ಯರು ಓದಿ ಕನ್ನಡದಲ್ಲಿ ಹೇಳುತ್ತಾರೆ. ಲಾಲಸಾಬ್ ಕಣ್ಣು ಮುಚ್ಚಿ ಕೇಳುತ್ತಾರೆ. ಅವರು ಹೇಳಿದ್ದನ್ನು ಆಚಾರ್ಯರು ಒಂದೇ ಬೆರಳಿನಲ್ಲಿ ಟೈಪು ಮಾಡುತ್ತಾರೆ. ಆ ಬಳಗದಲ್ಲಿ ಇಬ್ಬರಿಗೂ ಸೇರಿ ಒಂದೇ ಹೆಸರು: ಬ್ರೂಸ್‌ಪೇಟೆ.

"ನನಗ ಅವರು ಬರದದ್ದು ಒಂದಕ್ಷರ ತಿಳಿಯೂದಿಲ್ಲ, ಓದತೀನಿ ಅಷ್ಟs," ಎಂದು ಆಚಾರ್ಯರು ನಗುತ್ತಾರೆ. "ಇವಗ ಒಂದಕ್ಷರ ಓದಲಿಕ್ಕೆ ಬರೂದಿಲ್ಲ, ಎಲ್ಲಾ ತಿಳೀತದ. ಇಬ್ಬರೂ ಕೂಡಿದ್ರ ಒಬ್ಬ ಶಾಣ್ಯಾ ಮನಷ್ಯಾ ಆಗ್ತೀವಿ."

ಬೀಗ ತೆಗೆಯುವ ಉಪಾಯವನ್ನು ಲಾಲಸಾಬ್ ಕಲಿತದ್ದು ಆ ಬೆಂಚಿನ ಮೇಲೆಯೇ. ಬ್ಯಾಟರಿಯೊಳಗೆ ಎಳ್ಳಿನಷ್ಟು ಒಂದು ಚಿಪ್. ಅದರ ಎಂಟು ಕಾಲುಗಳಲ್ಲಿ ಒಂದನ್ನು ಮಾತ್ರ ಮೇಲೆತ್ತಿದರೆ, ಕಂಪನಿಯ ರಿಪೇರಿಯವನೇ ಬಂದನೆಂದು ಯಂತ್ರ ನಂಬಿ ಬಾಗಿಲು ತೆರೆಯುತ್ತದೆ. ಬೇರೆ ದೇಶದವರು ಆ ಕಾಲು ಎತ್ತಲು ಹೋಗಿ ಮುರಿದುಕೊಂಡು ಗೋಳಾಡುತ್ತಿದ್ದರು. ವಾಚಿನ ಕೂದಲೆಳೆ ಸ್ಪ್ರಿಂಗು ಹಿಡಿದ ಈ ಕೈ ಒಂದನ್ನೂ ಮುರಿದಿಲ್ಲ.

ಕದ್ದ ಆಟ ತುಂಬಿ ಕೊಡಿ ಎಂದು ಕೇಳಿ ಬರುವವರಿಗೆ ಮಾತ್ರ ಲಾಲಸಾಬ್ ಮುಂದಿನ ಓಣಿಯ ದಾರಿ ತೋರಿಸುತ್ತಾರೆ. "ಯಾರೋ ನಾಲ್ಕು ವರ್ಷ ಕುಂತು ಆಟ ಮಾಡ್ಯಾರ. ಅದನ್ನ ಕದಿಯೋದು ನನ್ನ ಕಸುಬಲ್ರಿ. ಆದ್ರ ರೊಕ್ಕ ಕೊಟ್ಟು ತಂದ ಯಂತ್ರ ನಂದು. ನನ್ನ ಮನಿಗೆ ನೀ ಯಾಕ ಬೀಗ ಹಾಕ್ತಿ?"

ಹಾಗಾದರೆ ಬೀಗ ತೆಗೆದ ಯಂತ್ರದಲ್ಲಿ ಏನು ಓಡುತ್ತದೆ? ಹುಲಿ–ಕುರಿ ಆಟ ಓಡುತ್ತದೆ. ಲಾಲಸಾಬ್ ಸೀಮೆಸುಣ್ಣದಲ್ಲಿ ಅಂಗಡಿಯ ನೆಲದ ಮೇಲೆ ಬರೆದ ಹುಲಿ–ಕುರಿ ಮನೆಯ ಫೋಟೊ ಹಿಡಿದು, ನಿಯಮಗಳನ್ನು ಬರೆದು ಆಚಾರ್ಯರು ಬಳಗಕ್ಕೆ ಹಾಕಿದ್ದರು. ಪೋಲೆಂಡ್ ದೇಶದ ಒಬ್ಬ ಹೆಣ್ಣುಮಗಳು, ಮುಖ ಕಂಡಿಲ್ಲ ದನಿ ಕೇಳಿಲ್ಲ, ಮೂರು ವಾರದಲ್ಲಿ ಅದನ್ನು ಯಂತ್ರದೊಳಗೆ ಇಳಿಸಿ ಕಳಿಸಿದಳು. ಇವತ್ತು ಅದಿರು ಲಾರಿಗಳ ಸಾಲಿನಲ್ಲಿ ಡ್ರೈವರುಗಳು ಹುಲಿ ಬಿಡುವುದು ಅದರ ಮೇಲೆ.

ಇಷ್ಟೆಲ್ಲ ಹೆಮ್ಮೆಯ ನಡುವೆ ಒಂದು ಮುಳ್ಳು ಇದೆ. ಇವತ್ತು ಮೇಜಿನ ಮೇಲೆ ಬಿಚ್ಚಿ ಮಲಗಿರುವುದು ಆ ಮುಳ್ಳೇ.

ಎರಡು ವರ್ಷದ ಹಿಂದೆ, ಬೇಸಿಗೆಯ ಒಂದೇ ವಾರದಲ್ಲಿ, ಈ ಅಂಗಡಿಯಲ್ಲಿ ಮೂರು ಯಂತ್ರ ಸತ್ತವು. ಬರುವಾಗ ಸಣ್ಣ ಕಾಯಿಲೆ, ಹೋಗುವಾಗ ಹೆಣ. ಬಳಗದವರು ಇಂಥದ್ದನ್ನು ಇಟ್ಟಿಗೆ ಎನ್ನುತ್ತಾರೆ. ಒಂದು ಸಿರುಗುಪ್ಪದ ಅಕ್ಕಿ ಗಿರಣಿಯ ಗುಮಾಸ್ತ ಚಿದಾನಂದಪ್ಪನದು, ಒಂದು ಕಂಟೋನ್ಮೆಂಟಿನ ಮೇಷ್ಟರೊಬ್ಬರದು, ಮೂರನೆಯದು ಕುರುಗೋಡಿನ ಲಾರಿ ಡ್ರೈವರ್ ಎರ್ರಣ್ಣನದು. ಧೂಳು ಎಂದರು ಎಲ್ಲರೂ. ಲಾಲಸಾಬರೂ ಧೂಳೆಂದೇ ನಂಬಿದ್ದರು. ಎಂಟು ದಿನ ಊಟ ಸೇರಲಿಲ್ಲ. ಕೊನೆಗೆ ಸುಮ್ಮನೆ, ಬೇಸರಕ್ಕೆ, ತಮ್ಮ ಸ್ಕ್ರೂಡ್ರೈವರಿನ ತುದಿಯನ್ನೇ ಮಸೂರದ ಕೆಳಗೆ ಹಿಡಿದರು.

ತುದಿಗೆ ಗಡ್ಡ ಬಂದಿತ್ತು!

ವಾಚಿನವರು ಸ್ಕ್ರೂಡ್ರೈವರನ್ನು ಅಯಸ್ಕಾಂತಕ್ಕೆ ತಿಕ್ಕಿ ಇಟ್ಟುಕೊಳ್ಳುತ್ತಾರೆ; ಸಾಸಿವೆಗಿಂತ ಸಣ್ಣ ಸ್ಕ್ರೂ ತುದಿಗೆ ಅಂಟಿ ಬರಲೆಂದು. ಅವರ ತಂದೆ ಹಾಗೆ ಮಾಡುತ್ತಿದ್ದರು, ಅವರೂ ನಲವತ್ತು ವರ್ಷ ಹಾಗೆಯೇ ಮಾಡಿದ್ದರು. ಆದರೆ ಈಗಿನ ಬಳ್ಳಾರಿಯ ಗಾಳಿಯಲ್ಲಿ ಇರುವುದು ಬರೀ ಮಣ್ಣಲ್ಲ, ಕಬ್ಬಿಣ. ಮೇಜಿನ ಮೇಲಿದ್ದ ಅದಿರಿನ ಕರಿಹುಡಿಯನ್ನು ಆ ತುದಿ ಹೀರಿಕೊಂಡು, ನೇರವಾಗಿ ಯಂತ್ರದ ಎದೆಯೊಳಗೆ ಒಯ್ದು ಸುರಿದಿತ್ತು. ಎರಡು ತಂತಿಯ ನಡುವೆ ಹುಡಿ ಕೂತಿತು, ಕಿಡಿ ಹಾರಿತು, ಮುಗಿಯಿತು. ಕೊಂದದ್ದು ಧೂಳಲ್ಲ, ಧೂಳನ್ನು ಒಳಗೆ ಕರೆದೊಯ್ದ ಕೈ.

ಯಾರಿಗೂ ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಲಾಲಸಾಬ್ ಮರುದಿನವೇ ಬಸ್ಸು ಹತ್ತಿದರು.

ಸಿರುಗುಪ್ಪದಲ್ಲಿ ಚಿದಾನಂದಪ್ಪ ಭತ್ತದ ಚೀಲಗಳ ನಡುವೆ ನಿಂತು ಕೇಳಿ ಬೆರಗಾದ. "ಅಲ್ರೀ ಸಾಬ್ರ, ಧೂಳು ಅಂದಿದ್ರ ನಾ ನಂಬತಿದ್ದೆ. ಇಷ್ಟು ದೂರ ಬಂದು ಯಾಕ ಹೇಳಿದ್ರಿ?"

"ನೀವು ನಂಬತಿದ್ರಿ. ಅದಕ್ಕs ಹೇಳಿದೆ."

ಕುರುಗೋಡಿನಲ್ಲಿ ಎರ್ರಣ್ಣ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಬೇರೆ ಯಂತ್ರ ಕೊಡುತ್ತೇನೆಂದರೆ ಬೇಡ ಎಂದ. "ಊರವರದು ನನ್ನ ಕೈಗೆ ಹೊಂದಂಗಿಲ್ಲ. ನಂದರ ಬಟನ್ನು ನನ್ನ ಹೆಬ್ಬಟ್ಟಿಗೆ ಸವದಾವ. ಕೊಂದಾವ ನೀನ, ಎಬ್ಬಿಸಾವನೂ ನೀನs ಆಗ್ಬೇಕು." ಲಾಲಸಾಬ್ ಮಾತು ಕೊಟ್ಟರು. ಎರ್ರಣ್ಣ ಆ ಮಾತನ್ನು ಲಾರಿ ಸಾಲಿನ ತುಂಬ ಸಾರಿದ. ನಾಲ್ಕು ತಿಂಗಳು ಒಬ್ಬ ಡ್ರೈವರೂ ಈ ಕಡೆ ತಲೆ ಹಾಕಲಿಲ್ಲ.

ಆ ತಿಂಗಳುಗಳಲ್ಲಿ ಲಾಲಸಾಬ್ ಎಲ್ಲ ಸ್ಕ್ರೂಡ್ರೈವರುಗಳನ್ನೂ ಕಾಯಿಸಿ ಅಯಸ್ಕಾಂತ ಇಳಿಸಿದರು. ಮತ್ತೆ ಹದ ಹಾಕಿ, ತುದಿಗೆ ಚೂರು ಜೇನುಮೇಣ ಹಚ್ಚುವುದನ್ನು ರೂಢಿ ಮಾಡಿಕೊಂಡರು. ಸ್ಕ್ರೂ ಮೇಣಕ್ಕೂ ಅಂಟುತ್ತದೆ, ಕಬ್ಬಿಣ ಅಂಟುವುದಿಲ್ಲ. ಬೆಳಗಿನ ಜಾವದ ಕೆಲಸ, ಒದ್ದೆ ಚಾದರ, ಎಲ್ಲ ಅಲ್ಲಿಂದಲೇ ಶುರು. ತಮ್ಮ ತಪ್ಪನ್ನು ಬಳಗಕ್ಕೂ ಬರೆಸಿದರು. ಬರೆಯುವಾಗ ಆಚಾರ್ಯರ ಬೆರಳು ತಡೆಯಿತಂತೆ. "ನಮ್ಮ ಹೆಸರು ಹೋಗ್ತದಲ್ಲೋ" ಎಂದರಂತೆ. ಹೋಗಲಿಲ್ಲ. ಅದಿರು, ಉಕ್ಕು, ರೈಲು ಗಾಲಿಯ ಊರುಗಳಿಂದ ಅರವತ್ತು ಎಪ್ಪತ್ತು ಜನ ಬರೆದರು: ನಮ್ಮ ಯಂತ್ರಗಳು ಯಾಕೆ ಸಾಯುತ್ತಿದ್ದವೆಂದು ಇವತ್ತು ತಿಳಿಯಿತು, ಬ್ರೂಸ್‌ಪೇಟೆ.

ಸಿರುಗುಪ್ಪದ್ದು ಎದ್ದಿತು. ಮೇಷ್ಟರದೂ ಎದ್ದಿತು. ಎರ್ರಣ್ಣನದು ಮಾತ್ರ ಏಳಲಿಲ್ಲ. ಅದರೊಳಗೆ ಫ್ಯೂಸಿನ ಪಕ್ಕದ ತಾಮ್ರದ ಗೆರೆಯೇ ಸುಟ್ಟುಹೋಗಿತ್ತು. ಐದು ಸಲ ಬೆಸುಗೆ ಹಾಕಿದ್ದಾರೆ, ಐದು ಸಲವೂ ಬಿಟ್ಟಿದೆ. ಆ ಪೋಲೆಂಡಿನ ಹೆಣ್ಣುಮಗಳು ಫೋಟೊ ನೋಡಿ ಕಳೆದ ವಾರ ಬರೆದಿದ್ದಾಳೆ: ಒಳಗಿನ ಸರ್ಕ್ಯೂಟ್ ಹಲಗೆ ಇನ್ನೊಂದೇ ಸಲ ಕಾವು ತಡೆಯುತ್ತದೆ. ಆಮೇಲೆ ಬಿಟ್ಟುಬಿಡಿ.

ಆ ಇನ್ನೊಂದು ಸಲ ಇವತ್ತು.

ಚಾದರ ಸರಿಯುತ್ತದೆ. ರಾತ್ರಿಯೆಲ್ಲ ಲಾರಿ ಓಡಿಸಿ ಬಂದ ಎರ್ರಣ್ಣ, ಹುಬ್ಬಿನವರೆಗೂ ಕೆಂಪು. "ಏನ್ರಿ ಸಾಬ್ರ, ನನ್ನ ಹೆಣ ಎದ್ದೈತೋ, ಮಣ್ಣು ಕೊಡೂಣೋ?"

"ಅಲ್ಲೇ ನಿಂದ್ರಲೇ! ಮೈಮ್ಯಾಲ ಗಣಿ ಹೊತ್ಕೊಂಡು ಬಂದಾನ," ಎಂದು ಒಳಗಿನಿಂದ ಸುಗ್ರಾಬಿ ಗದರಿಸುತ್ತಾರೆ. "ಮದ್ಲು ಕಾಲು ತೊಳಕೊ."

ಎರ್ರಣ್ಣ ಮೋರೆ, ಕೈಕಾಲು ತೊಳೆದು, ಶರಟು ಬಿಚ್ಚಿ ಹೊರಗಿಟ್ಟು, ಬನಿಯನ್ನಿನಲ್ಲಿ ಬಂದು ಕೂರುತ್ತಾನೆ. ಅವನ ಪಕ್ಕದಲ್ಲಿ ಸ್ನಾನ ಮುಗಿಸಿ ನಾಮ ಹಚ್ಚಿಕೊಂಡು ಬಂದ ಆಚಾರ್ಯರು.

ಈ ಸಲ ಲಾಲಸಾಬ್ ಸೀಸದ ಬೆಸುಗೆಯೊಂದನ್ನೇ ನಂಬಿಕೊಂಡಿಲ್ಲ. ಹಳೆಯ ಸೆಲ್ ವಾಚೊಂದರ ಸುರುಳಿ ಬಿಚ್ಚಿ, ತಲೆಗೂದಲಿಗಿಂತ ತೆಳುವಾದ ತಾಮ್ರದ ತಂತಿ ತೆಗೆದಿದ್ದಾರೆ. ಸುಟ್ಟ ಗೆರೆಯ ಈ ದಡದಿಂದ ಆ ದಡಕ್ಕೆ ಆ ತಂತಿಯ ಸೇತುವೆ ಹಾಕಬೇಕು. ಎರಡು ಚುಕ್ಕಿ ಬೆಸುಗೆ, ಒಂದೊಂದಕ್ಕೆ ಒಂದು ಸೆಕೆಂಡು. ಮೊದಲನೆಯದು ಕೂರುತ್ತದೆ. ಎರಡನೆಯದಕ್ಕೆ ಅವರು ಕೈ ಎತ್ತಿ, ಹಾಗೇ ಕೆಳಗಿಡುತ್ತಾರೆ. ಒಂದು ಲೋಟ ನೀರು ಕುಡಿಯುತ್ತಾರೆ. ಮತ್ತೆ ಎತ್ತುತ್ತಾರೆ. ಮೂಗಿನ ತುದಿಯ ಬೆವರು ಬೀಳುವ ಮುಂಚೆ ಆಚಾರ್ಯರು ತಮ್ಮ ಶಲ್ಯದ ಅಂಚಿನಿಂದ ಅದನ್ನು ಒರೆಸುತ್ತಾರೆ.

ಚುಕ್ಕಿ ಕೂತಿತು.

ಕಾಲೆತ್ತಿದ ಬ್ಯಾಟರಿ ಒಳಗೆ ಹೋಗುತ್ತದೆ. ಹಸಿರು ದೀಪ ಹತ್ತುತ್ತದೆ. ಪರದೆ ಮಾತ್ರ ಕಪ್ಪು. ಎರ್ರಣ್ಣ ಬಾಯಿ ತೆರೆಯುತ್ತಾನೆ, ಆಚಾರ್ಯರು ಅವನ ತೊಡೆ ಅದುಮುತ್ತಾರೆ. ಹೊರಗೆ ಪೊರಕೆಯ ಸದ್ದು ಓಣಿಯ ತಲೆಗೆ ಬಂದಿದೆ. ಐದು, ಎಂಟು, ಹತ್ತು ಎಣಿಕೆ. ಆಮೇಲೆ ಕಪ್ಪಿನೊಳಗಿಂದ ಬಿಳಿ ಅಕ್ಷರಗಳು, ಸಾಲಿನ ಮೇಲೆ ಸಾಲು, ಏರುತ್ತ ಬರುತ್ತವೆ.

"ಏನಂತದ?" ಎಂದು ಎರ್ರಣ್ಣ ಪಿಸುಗುಡುತ್ತಾನೆ.

"ಹೊಸದಾಗಿ ಬರಕೋತೀನಿ, ಕಾಯಿರಿ ಅಂತದ," ಎನ್ನುತ್ತಾರೆ ಆಚಾರ್ಯರು.

ಎರ್ರಣ್ಣ ಯಂತ್ರವನ್ನು ಮುಟ್ಟುವುದಿಲ್ಲ. ಪರದೆಯತ್ತ ಬಾಗಿ ಹೇಳುತ್ತಾನೆ: "ಸಾಬ್ರ, ಎರಡು ವರ್ಷ ಸಾಲಿನ್ಯಾಗ ನಿಮ್ಮನ್ನ ಕೊಲಿಗಾರ ಅಂದೀನಿ. ಅಷ್ಟು ಮಂದಿಗೆ ಈಗ ಯಾವ ಬಾಯಿಲೆ ಹೇಳ್ಲಿ?"

"ಅದs ಬಾಯಿಲೆ ಹೇಳೋ. ಕೊಂದಿದ್ದೂ ಖರೆ ಐತಿ."

ಅಕ್ಷರಗಳು ನಿಂತ ಮೇಲೆ ಲಾಲಸಾಬ್ ಬ್ಯಾಟರಿ ಹೊರತೆಗೆದು, ಮೇಣದ ತುದಿಯಿಂದ ಏಳು ಸ್ಕ್ರೂಗಳನ್ನು ಒಂದೊಂದಾಗಿ ಕೂರಿಸುತ್ತಾರೆ. ಕೊನೆಯ ಎರಡು ಬ್ಯಾಟರಿ ಕೂರುವ ಗುಂಡಿಯೊಳಗೆ. ಅವು ಯಾರಿಗೂ ಕಾಣದಂತೆ ಕಂಪನಿಯವರು ಮೇಲೊಂದು ಚೀಟಿ ಅಂಟಿಸಿರುತ್ತಾರೆ. ಮೇಜಿನ ಅಂಚಿನಲ್ಲಿ ಜೋಪಾನವಾಗಿ ಬಿಡಿಸಿಟ್ಟಿದ್ದ ಆ ಚೀಟಿಯನ್ನು ಆಚಾರ್ಯರು ಎತ್ತಿ ಕೊಡಹೋಗುತ್ತಾರೆ.

"ಬ್ಯಾಡ್ರಿ, ಒಗೀರಿ ಅದನ್ನ," ಎನ್ನುತ್ತಾರೆ ಲಾಲಸಾಬ್, ಕಣ್ಣಿನಿಂದ ಮಸೂರ ತೆಗೆದು. "ನನ್ನ ಕೈ ನಿಂತ ಮ್ಯಾಲ ಇದನ್ನ ಇನ್ಯಾರೋ ಬಿಚ್ಚತಾರ. ಅವ್ರು ಸ್ಕ್ರೂ ಹುಡುಕ್ಕೋತ ಕುಂಡ್ರಬಾರದು. ಒಳಗಿನ ತಂತಿ ನೋಡಿ, ಯಾವನೋ ಚಲೋ ಕೂಡಿಸ್ಯಾನ ಅಂದ್ರ ಸಾಕು ನನಗ."