ರಮಾನಂದನ ಸೋಲಿಲ್ಲದ ಕೋರ್ಟು

ಮುಟ್ಟಳ್ಳಿಯ ರಮಾನಂದ ಭಟ್ಕಳದ ವಕೀಲರೊಬ್ಬರ ಬಳಿ ಬಹುಕಾಲದಿಂದ ಗುಮಾಸ್ತನಾಗಿದ್ದವನು. ನೋಟೀಸು, ತಕರಾರು, ವಾಯಿದೆ ಎಂಬ ಮಾತುಗಳಿಲ್ಲದೆ ಅವನಿಗೆ ಮೀನು ಕೊಳ್ಳುವುದಕ್ಕೂ ಬರುತ್ತಿರಲಿಲ್ಲ. ಇಂಥವನಿಗೆ ನಲವತ್ತು ದಾಟಿದ ಮೇಲೆ, ಬಸ್ ಸ್ಟಾಪಿನ ಪಕ್ಕ ಹೊಲಿಗೆ ಅಂಗಡಿ ಇಟ್ಟಿದ್ದ ಮಾಲತಿಯ ಮೇಲೆ ಮನಸ್ಸಾಯಿತು. ಮದುವೆಯ ಮಾತು ಕೇಳಲು ಹೋದಾಗಲೆಲ್ಲ ನಾಲಿಗೆ ಕೈಕೊಟ್ಟು, ಇನ್ನೊಂದು ಅಂಗಿಗೆ ಅಳತೆ ಕೊಟ್ಟು ಬರುತ್ತಿದ್ದ. ಮನೆಯಲ್ಲಿ ಅಂಗಿಗಳು ರಾಶಿ ಬಿದ್ದವು. ಅವಳು ಬೇಡ ಅಂದುಬಿಟ್ಟರೆ ಮತ್ತೆ ಆ ಬಸ್ ಸ್ಟಾಪಿನಲ್ಲಿ ಯಾವ ಮುಖ ಹೊತ್ತು ನಿಲ್ಲುವುದು ಎಂಬುದೇ ಅವನ ದಿಗಿಲು.

ಎರಡು ಸಾವಿರದ ನಾಲ್ಕರ ಫೆಬ್ರವರಿಯಲ್ಲಿ ರೇಡಿಯೋ ವಾರ್ತೆ ಅವನ ಕಣ್ಣು ತೆರೆಸಿತು. ಹೇಗ್ ಎಂಬ ಊರಿನ ಅಂತಾರಾಷ್ಟ್ರೀಯ ನ್ಯಾಯಾಲಯದಲ್ಲಿ ಯಾವುದೋ ದೂರದ ದೇಶ ಕಟ್ಟುತ್ತಿದ್ದ ಒಂದು ಗೋಡೆಯ ವಿಚಾರ ನಡೆಯುತ್ತಿತ್ತು. ಅಲ್ಲಿ ವಾದಿಯೂ ಇಲ್ಲ, ಪ್ರತಿವಾದಿಯೂ ಇಲ್ಲ. ವಿಶ್ವಸಂಸ್ಥೆ ಕೇಳಿದ ಒಂದು ಪ್ರಶ್ನೆ ಮಾತ್ರ. ಹೇಳುವುದೇನಾದರೂ ಇರುವ ದೇಶಗಳಿಗೆಲ್ಲ ನೋಟೀಸು ಹೋಗುತ್ತದೆ. ಅವು ಮೊದಲು ಬರೆದು ಕೊಡುತ್ತವೆ, ಬೇಕಿದ್ದರೆ ಆಮೇಲೆ ಎದ್ದು ನಿಂತು ಬಾಯಲ್ಲೂ ಹೇಳುತ್ತವೆ. ಕೊನೆಗೆ ನ್ಯಾಯಾಧೀಶರು ಕೊಡುವುದು ಬರೀ ಸಲಹೆ. ಸೋಲುವವರೇ ಇಲ್ಲದ ಕೋರ್ಟು! ಕುಣಿಯುವುದೊಂದು ಬಾಕಿ ಅವನಿಗೆ.

ನಿವೃತ್ತ ಪೋಸ್ಟ್ ಮಾಸ್ತರ ನಿತ್ಯಾನಂದರನ್ನು ನ್ಯಾಯಾಧೀಶರಾಗಲು ಒಪ್ಪಿಸಿ, ಪ್ರಶ್ನೆ ಸಿದ್ಧಪಡಿಸಿದ: ವಯಸ್ಸು ಮೀರುತ್ತಿರುವ ಒಬ್ಬ ಗಂಡಸು ಅದೇ ಊರಿನ ಒಬ್ಬ ಹೆಂಗಸನ್ನು ಮದುವೆಗೆ ಕೇಳುವುದು ಸರಿಯೋ? ಹೆಸರು ಹಾಕಲಿಲ್ಲ. ಹಾಕುವ ಅಗತ್ಯವೂ ಇರಲಿಲ್ಲ, ಆ ಅಂಗಿಗಳನ್ನು ಊರೇ ನೋಡಿತ್ತು. ಬರೆದು ಕೊಡಲು ಯಾರಿಗೂ ಪುರುಸೊತ್ತಿಲ್ಲವೆಂದು ನೇರ ಬಾಯಿಮಾತಿಗೇ ಭಾನುವಾರ ಗೊತ್ತು ಮಾಡಿದ.

ಮನೆಮನೆಗೆ ನೋಟೀಸು ಮುಟ್ಟಿಸುವ ಕೆಲಸ ಅಕ್ಕ ಕಮಲಿಯ ಪಾಲಿಗೆ ಬಂತು. ಎಡವಟ್ಟಾದದ್ದು ಇಲ್ಲೇ. ಕರೆಯಲು ಬರಿಗೈಲಿ ಹೋಗುವುದು ಕಮಲಿಯ ಜನ್ಮದಲ್ಲೇ ಇಲ್ಲ. ಬಟ್ಟಲಲ್ಲಿ ಕುಂಕುಮ, ಅಕ್ಷತೆ ಹಿಡಿದೇ ಹೊರಟಳು.

"ಆಯ್ತವಾರ ಎಲ್ಲರೂ ಬರ್ಬೇಕು. ತಮ್ಮನ ಮದುವೆ ವಿಷಯ," ಅಂದಳು ಪ್ರತಿ ಹೊಸ್ತಿಲಲ್ಲೂ. ತಮ್ಮ ಹೇಳಿಕೊಟ್ಟ ಹೇಗ್ ಊರಿನ ಕತೆ ಅವಳಿಗೆ ಮರೆತೇ ಹೋಗಿತ್ತು. ಅಕ್ಷತೆ ಕೈಗೆ ಬಿದ್ದ ಮೇಲೆ ಊರಿನವರಿಗೆ ಬೇರೆ ಅರ್ಥವಾದರೂ ಎಲ್ಲಿಂದ ಹೊಳೆಯಬೇಕು?

ಭಾನುವಾರ ರಮಾನಂದನ ಮನೆಯಂಗಳ ತುಂಬಿತು. ಹೆಂಗಸರು ಜರಿಸೀರೆ ಉಟ್ಟು, ಮಲ್ಲಿಗೆ ಮುಡಿದು, ಶೋಭಾನೆ ಹಾಡುತ್ತಲೇ ಬಂದರು. ಪಕ್ಕದ ಮನೆಯ ಜಟ್ಟಿ ಉಡುಗೊರೆಗೆಂದು ಸ್ಟೀಲ್ ಕೊಡಪಾನ ಹೊತ್ತು ತಂದ. ದೇಶಗಳು ಇಷ್ಟು ಉತ್ಸಾಹದಿಂದ ಹಾಜರಾದದ್ದು ನೋಡಿ ರಮಾನಂದ ಉಬ್ಬಿಹೋದ. ನಿತ್ಯಾನಂದರು ಪ್ರಶ್ನೆ ಓದಿದರು. ಮೊದಲು ಎದ್ದವನು ಜಟ್ಟಿ.

"ಸರಿಯೇ, ಸರಿಯೇ. ಊಟ ಎಷ್ಟೊತ್ತಿಗೆ?"

ಅಷ್ಟರಲ್ಲಿ ಮಾಲತಿ ಬಂದಳು. ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ಇತ್ತು. ಶೋಭಾನೆ ತಟ್ಟನೆ ನಿಂತಿತು.

"ವಾರವೆಲ್ಲ ರವಕೆ ಹೊಲ್ದು ಹೊಲ್ದು ಸಾಕಾತು. ಎಂತ ವಿಶೇಷ ಅಂತ ಕೇಳಿದ್ರೆ, ನಿನ್ನ ಮದುವೆಯೇ ಅಲ್ವಾ ಅಂದ್ರು! ಊರಿಗೆಲ್ಲ ಕರೆ ಬಂತು, ನಂಗೆ ಬರ್ಲಿಲ್ಲ."

ರಮಾನಂದ ಗಡಿಬಿಡಿಯಿಂದ ಎದ್ದು ನಿಂತ. "ಇದು ಸಲಹಾ ವಿಚಾರಣೆ, ಮಾಲತಿ. ನೋಟೀಸು ಬರದ ದೇಶವೂ ನಂಗೂ ಹೇಳುಕುಂಟು ಅಂತ ಅರ್ಜಿ ಹಾಕ್ಬಹುದು."

"ನಾನು ದೇಶ ಅಲ್ಲ."

ಯಾರೂ ನಗಲಿಲ್ಲ. ಅವಳ ಕಣ್ಣಲ್ಲಿ ನೀರಿತ್ತು. ಅವಮಾನವಾದದ್ದು ಅವಳಿಗೆ ಎಂದು ರಮಾನಂದನಿಗೆ ಹೊಳೆದದ್ದು ಆಗಲೇ.

"ಊರವರ ಮುಂದೆ ಬರೋ ಬಾಯಿ ನನ್ನ ಮುಂದೆ ಎಂತಕ್ಕೆ ಬರ್ಲಿಲ್ಲ?"

"ನೀನು ಬ್ಯಾಡ ಅಂದ್ರೆ ಅಂತ ಹೆದರಿಕೆ," ಅಂದ ರಮಾನಂದ. "ತಪ್ಪಾತು."

"ಹಾಂಗಾರೆ ಈಗ ಕೇಳಿ. ನನ್ನನ್ನೇ ಕೇಳಿ."

ರಮಾನಂದ ಕೇಳಿದ. ಧ್ವನಿ ಎರಡು ಕಡೆ ಒಡೆಯಿತು, ಆದರೂ ಅಂಗಿಯ ಮಾತೆತ್ತದೆ ಪೂರ್ತಿ ಕೇಳಿದ. ಮಾಲತಿ ಅವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು.

"ಆತು," ಅಂದಳು.

ನಿತ್ಯಾನಂದರು ಗಂಟಲು ಸರಿಮಾಡಿಕೊಂಡು ನ್ಯಾಯಾಲಯದ ಅಭಿಪ್ರಾಯ ಹೇಳಲು ಎದ್ದರು. ಮಾಲತಿ ಅವರತ್ತ ತಿರುಗಿದಳು.

"ಮಾಸ್ತರೇ, ನೀವು ಕೂತ್ಕಣಿ. ಇದು ಸಲಹೆ ಅಲ್ಲ."