ಬಾಲದ ಗುರುತು

ಯುಗಾದಿಯ ಮರುದಿನ ಹೊಸತೊಡಕಿನ ಬಾಡೂಟಕ್ಕೆಂದು ಹೆದ್ದಾರಿ ಪಕ್ಕದ ದೊಡ್ಡ ಅಂಗಡಿಯಿಂದ ಒಂದು ಪೊಟ್ಟಣ ಮಾಂಸ ತಂದೆ. ಕನ್ನಡಕ ಹಾಕಿಕೊಂಡು ಅದರ ಮೇಲಿನ ಚೀಟಿ ಓದಿದೆ. ಮೇಕೆ ಮಾಂಸ, ಕರಿ ಕಟ್, ಮೂಳೆ ಸಹಿತ, ಪ್ಯಾಕ್ ಮಾಡಿದ ದಿನ, ಯಾವತ್ತಿನೊಳಗೆ ಬಳಸಬೇಕು... ಎಲ್ಲ ಬರೆದಿತ್ತು. ಮೂಗಿನ ಹತ್ತಿರ ಹಿಡಿದರೆ ತಣ್ಣನೆಯ ಪ್ಲಾಸ್ಟಿಕ್ ವಾಸನೆ ಬಿಟ್ಟು ಬೇರೇನೂ ಇಲ್ಲ.

ಅಂಗಡಿಯಲ್ಲಿ ಬಿಲ್ ಹಾಕುತ್ತಿದ್ದ ಹುಡುಗಿಯನ್ನು ಕೇಳಿದ್ದೆ: "ಇದು ಮೇಕೇನೇ ಅಂತ ಹೆಂಗಮ್ಮ ಗೊತ್ತಾಗೋದು?"

"ಬರ್ದಿದೆಯಲ್ಲ ತಾತ."

"ಬಾಲ ಇಲ್ವಲ್ಲಮ್ಮ."

"ಬಾಲಾನಾ? ಸೂಪಿಗಾ? ಅದು ಬರಲ್ಲ ತಾತ," ಎಂದು ನಕ್ಕಳು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಆ ನಗು ಉಳಿಯಲಿಲ್ಲ. ಬಾಲ ಎಂದ ಕೂಡಲೇ ಮಟನ್ ಅಂಗಡಿಯ ಅಣ್ಣ ನೆನಪಾಗಿಬಿಟ್ಟರು.

ನಾನಾಗ ದೊಡ್ಡಬಳ್ಳಾಪುರದಲ್ಲಿ ಸಣ್ಣದಾಗಿ ಮಗ್ಗ ನಡೆಸುತ್ತಿದ್ದೆ. ನಮ್ಮ ಬೀದಿ ಮುಗಿಯುವ ತಿರುವಿನಲ್ಲಿ ಅವರ ಮಟನ್ ಅಂಗಡಿ. ಬೀದಿಗೆಲ್ಲ ಅವರು ಅಣ್ಣನೇ. ಅವರ ಅಂಗಡಿಗೆ ಬೋರ್ಡು ಇರಲಿಲ್ಲ. ಕೊಕ್ಕೆಗೆ ತೂಗುಹಾಕಿದ ಮೇಕೆಯ ಚರ್ಮವೆಲ್ಲ ಸುಲಿದರೂ ಬಾಲದ ಕೂದಲು ಮಾತ್ರ ಹಾಗೇ ಬಿಡುತ್ತಿದ್ದರು. ಮೇಕೆಯ ಬಾಲ ಗಿಡ್ಡ, ಮೇಲಕ್ಕೆ ನಿಂತಿರುತ್ತದೆ. ಕುರಿಯದು ಕೆಳಕ್ಕೆ ಜೋತುಬಿದ್ದಿರುತ್ತದೆ. ಓದು ಬಾರದವರೂ ದೂರದಿಂದಲೇ ನೋಡಿ ತಿಳಿದುಕೊಳ್ಳಬಹುದಿತ್ತು. ಕೊನೆಯ ತುಂಡು ಮಾರುವ ತನಕ ಅವರು ಬಾಲಕ್ಕೆ ಕತ್ತಿ ತಾಗಿಸುತ್ತಿರಲಿಲ್ಲ.

ಎಷ್ಟು ಬೇಕು ಎಂದು ಮೊದಲು ಕೇಳುತ್ತಿರಲಿಲ್ಲ. "ಯಾರಿಗೆ ಯಜಮಾನ್ರೆ? ಎಸರಿಗಾ, ಹುರಿಯೋಕಾ?" ಎನ್ನುತ್ತಿದ್ದರು. ಎಸರಿಗೆ, ಅಂದರೆ ಸಾರಿಗಾದರೆ ಎದೆ ಭಾಗ, ಹುರಿಯಲು ತೊಡೆ. ನಮ್ಮಮ್ಮನಿಗೆ ಹಲ್ಲು ಹೋಗಿದ್ದು ಗೊತ್ತಿತ್ತು, ಅದಕ್ಕೆ ಒಂದು ಚೂರು ಲಿವರ್ ಎತ್ತಿಟ್ಟಿರುತ್ತಿದ್ದರು. ಎಲ್ಲವನ್ನೂ ಮುತ್ತುಗದ ಎಲೆಯಲ್ಲಿ ಸುತ್ತಿ ಬಾಳೆನಾರಿನಿಂದ ಕಟ್ಟಿ ಕೊಡುತ್ತಿದ್ದರು. ಹಸಿ ಎಲೆಯ ಆ ವಾಸನೆ...

ಆ ವರ್ಷ ಹೊಸತೊಡಕಿಗೆ ತ್ಯಾಮಗೊಂಡ್ಲಿನಿಂದ ನನ್ನಾಕೆಯ ತಮ್ಮ ಸಂಸಾರ ಸಮೇತ ಬಂದಿದ್ದ. ತೋಟ ತುಡಿಕೆ ಇದ್ದವರು. ಅವರ ಮುಂದೆ ಕಮ್ಮಿಯಾಗಬಾರದು ಎನ್ನುವುದು ನನ್ನ ಹಟ. ಯುಗಾದಿ ಮಾರನೆಯ ದಿನ ಅಣ್ಣನ ಅಂಗಡಿ ಮುಂದೆ ಕತ್ತಲಿರುವಾಗಲೇ ಸಾಲು ನಿಲ್ಲುವುದು ಎಲ್ಲರಿಗೂ ಗೊತ್ತು. ನಾನು ಬಿಸಿಲೇರಿದ ಮೇಲೆ ಹೋದೆ. ಸಾಲು ನಮ್ಮ ಬೀದಿಯೊಳಕ್ಕೇ ಬಂದಿತ್ತು. ನನ್ನ ಮಗ್ಗದಲ್ಲಿ ಕೆಲಸ ಮಾಡುವವರ ಹಿಂದೆ ನಾನು ನಿಲ್ಲುವುದೇ ಎನ್ನಿಸಿ ಅಲ್ಲಿಂದಲೇ ತಿರುಗಿಬಿಟ್ಟೆ.

ಊರಾಚೆ ಯಾರೋ ಟಾರ್ಪಾಲಿನ ಮೇಲೆ ಗುಡ್ಡೆ ಬಾಡು ಮಾರುತ್ತಿದ್ದರು. ಪಾಲು ಹಾಕಿದ್ದ ಗುಡ್ಡೆಗಳು, ಬೇಕಾದ್ದನ್ನು ಎತ್ತಿಕೊಂಡು ಹೋಗುವುದು. ತಲೆಯೂ ಇರಲಿಲ್ಲ, ಬಾಲವೂ ಇರಲಿಲ್ಲ. ನಾನು ಕೇಳಲೂ ಇಲ್ಲ. ಕವರಿಗೆ ಹಾಕಿಸಿಕೊಂಡು ಬಂದು, "ಅಣ್ಣನ ಅಂಗಡೀದು, ಒಳ್ಳೇ ಮೇಕೆ" ಎಂದು ಕೊಟ್ಟೆ.

ಅದು ಬೇಯಲೇ ಇಲ್ಲ. ಕುಕ್ಕರ್ ಕೂಗಿ ಕೂಗಿ ಸುಸ್ತಾಯಿತು. ಮುದಿ ಕುರಿಯ ಘಾಟು ಮನೆಯೆಲ್ಲ ತುಂಬಿತು. ಮುದ್ದೆ ಮುಂದೆ ಕೂತ ಭಾವಮೈದುನ ಒಂದು ತುಂಡನ್ನು ಹಲ್ಲಲ್ಲಿ ಕಚ್ಚಿ ಎಳೆದು, "ಏನ್ ಭಾವ, ಮಗ್ಗದ ಬೆಲ್ಟೂ ಕುಯ್ದು ಹಾಕ್ಸಿದ್ದೀರಾ?" ಎಂದ. ಎಲ್ಲರೂ ಗೊಳ್ಳೆಂದು ನಕ್ಕರು.

ನನಗೆ ಮೈಯೆಲ್ಲ ಉರಿಯಿತು. "ಆ ಅಂಗಡಿಯವ್ನು ಮೋಸ ಮಾಡ್ಬಿಟ್ಟ ಕಣಯ್ಯ. ಮೇಕೆ ಬಾಲ ಸಿಗಿಸಿ ಮುದಿ ಕುರಿ ಮಾರ್ತಾ ಅವ್ನೆ," ಎಂದೆ. ಬಾಯಿಗೆ ಬಂದದ್ದು ಅಂದುಬಿಟ್ಟೆ. ಊಟದ ಜೊತೆಗೇ ಮುಗಿದುಹೋಗುವ ಮಾತು ಎಂದುಕೊಂಡಿದ್ದೆ.

ಮುಗಿಯಲಿಲ್ಲ. ಮಗ್ಗದ ಬೀದಿಯಲ್ಲಿ ಮಾತಿಗೆ ಕಾಲಿರುತ್ತದೆ. ಕೆಲವೇ ದಿನಗಳಲ್ಲಿ ಜನ ಅವರ ಅಂಗಡಿ ಮುಂದೆ ನಿಂತು, "ಅಣ್ಣೋ, ಬಾಲ ಇವತ್ತು ಯಾವೂರಿಂದ ತರಿಸ್ದೆ?" ಎಂದು ಕಿಚಾಯಿಸತೊಡಗಿದರು. ಮೊದಮೊದಲು ಅವರೂ ನಗುತ್ತಿದ್ದರು. ಆಮೇಲೆ ಜನ ಬಾಲವನ್ನು ಹಿಡಿದು ಎಳೆದು ನೋಡುವುದಕ್ಕೆ ಶುರು ಮಾಡಿದರು. ಆಮೇಲೆ ಬರುವವರೇ ಕಡಿಮೆಯಾದರು.

ಒಂದು ಭಾನುವಾರ ಅಮ್ಮನ ಸಲುವಾಗಿ ಹೋಗಲೇಬೇಕಾಯಿತು. ಅಂಗಡಿಯಲ್ಲಿ ಇನ್ನೂ ಮೂರು ನಾಲ್ಕು ಜನ ಇದ್ದರು. ಅಣ್ಣ ಕತ್ತಿ ಕೆಳಗಿಟ್ಟು, ಮೆತ್ತಗೆ ಕೇಳಿದರು:

"ಯಜಮಾನ್ರೆ, ಹೊಸತೊಡಕಿನ ದಿವ್ಸ ನೀವು ನಮ್ಮಂಗಡಿಗೆ ಬಂದಿದ್ರಾ?"

ಎಲ್ಲರೂ ನನ್ನ ಕಡೆ ತಿರುಗಿದರು. ಬಂದಿರಲಿಲ್ಲ ಎಂದು ಅಂದಿದ್ದರೆ ಆವತ್ತೇ ಎಲ್ಲ ಸರಿಹೋಗುತ್ತಿತ್ತು. ಅವರು ಕೇಳಿದ್ದೂ ಅಷ್ಟನ್ನೇ. ಬೈಗುಳವಿಲ್ಲ, ಜಗಳವಿಲ್ಲ.

"ಬಂದಿದ್ನಲ್ಲ," ಎಂದೆ.

ಅವರು ಮತ್ತೆ ಕತ್ತಿ ಎತ್ತಿಕೊಂಡರು. ಆಮೇಲೆ ಎಂದಿನಂತೆ ಎದೆ ಭಾಗ ಕುಯ್ದರು, ಲಿವರ್ ಇಟ್ಟರು. ಕೊನೆಗೆ, ಇನ್ನೂ ಅರ್ಧಕ್ಕರ್ಧ ಮಾಂಸ ಕೊಕ್ಕೆಯಲ್ಲಿರುವಾಗಲೇ, ಬಾಲವನ್ನು ಕತ್ತರಿಸಿ ನನ್ನ ಪೊಟ್ಟಣದಲ್ಲಿ ಇಟ್ಟು ಕಟ್ಟಿದರು.

ಮನೆಯಲ್ಲಿ ನನ್ನಾಕೆ ಎಲೆ ಬಿಚ್ಚಿ ಬಾಲ ನೋಡಿದಳು. ನಾನು ಏನೂ ಹೇಳಿರಲಿಲ್ಲ. ಪಾತ್ರೆಗೆ ನೀರು ಹಾಕುತ್ತಾ ಅವಳೇ ಅಂದಳು: "ಅವತ್ತು ಬಾಡು ಮುತ್ತುಗದೆಲೇಲಿ ಬಂದಿರ್ಲಿಲ್ಲ." ಅಷ್ಟೇ. ಇಷ್ಟು ದಿನ ಗೊತ್ತಿದ್ದೂ ಅವಳು ನನ್ನ ಮಾನ ಕಾದಿದ್ದಳು. ಆ ಬಾಲವನ್ನು ಹಿತ್ತಲ ಕರಿಬೇವಿನ ಬುಡದಲ್ಲಿ ಹೂತು ಕೈ ತೊಳೆದಳು. ಸಾಯುವ ತನಕ ಮತ್ತೆ ಆ ಮಾತು ಎತ್ತಲಿಲ್ಲ. ಎತ್ತಿ ಬೈದಿದ್ದರೆ ಚೆನ್ನಾಗಿತ್ತು.

ಮುಂದಿನ ಯುಗಾದಿಯ ಹೊತ್ತಿಗೆ ಅಂಗಡಿ ಮುಚ್ಚಿತ್ತು. ಅಣ್ಣ ಹೊಸಕೋಟೆ ಕಡೆ ಮಗಳ ಮನೆಗೆ ಹೋದರಂತೆ. ಹೋಗಿ ನೋಡಬೇಕು ಎಂದುಕೊಳ್ಳುತ್ತಲೇ ವರ್ಷಗಳು ಕಳೆದವು. ಹೋದಾಗ ಅವರು ತೀರಿಹೋಗಿದ್ದರು. ಮಗಳು ಕಾಫಿ ಕೊಟ್ಟು, "ನೀವು ಅಪ್ಪನ ಅಂಗಡಿಗೆ ಬರ್ತಿದ್ರಾ?" ಎಂದಳು. "ಬರ್ತಿದ್ದೆ ಕಣಮ್ಮ," ಎಂದೆ. "ಯಾರೋ ಏನೋ ಅಂದ್ಬಿಟ್ರಂತೆ. ಯಾರು ಅಂತ ಕೊನೇವರ್ಗೂ ಹೇಳ್ಲಿಲ್ಲ ಅಪ್ಪ," ಎಂದಳು. ನಾನು ಕಾಫಿ ಕುಡಿದು ಎದ್ದು ಬಂದೆ.

ಈಗ ಆ ತಿರುವಿನಲ್ಲಿ ಮೊಬೈಲ್ ಅಂಗಡಿಯಿದೆ. ತೊಲೆಯಲ್ಲಿ ಕೊಕ್ಕೆ ಇನ್ನೂ ಉಳಿದಿದೆ. ಅದಕ್ಕೆ ಚಾರ್ಜರ್ ವೈರುಗಳನ್ನು ನೇತುಹಾಕಿದ್ದಾರೆ.

ಇವತ್ತು ತಂದ ಮಾಂಸ ಒಲೆಯ ಮೇಲಿದೆ. ಒಬ್ಬನಿಗೆ ಅದು ಜಾಸ್ತಿಯೇ. ಚೀಟಿಯಲ್ಲಿ ಬರೆದಂತೆ ಮೇಕೆಯೇ ಇರಬಹುದು, ಬೇಗ ಬೆಂದಿತು. ಸರಿಯಾಗಿ ಬೇಯದಿದ್ದರೂ ಯಾರ ಮೇಲೆ ಹೇಳಲಿ? ಕೇಳುವವರಾದರೂ ಯಾರು? ತಟ್ಟೆಗೆ ಬಡಿಸಿಕೊಳ್ಳುವ ಮುಂಚೆ ಈ ನಾಲ್ಕು ಮಾತು ಬರೆದೆ. ಆ ಭಾನುವಾರ ಅಂಗಡಿಯಲ್ಲಿದ್ದವರು ಯಾರಾದರೂ ಇದನ್ನು ಓದಿದರೆ ತಿಳಿದುಕೊಳ್ಳಲಿ.

ಇಲ್ಲ ಅಣ್ಣ. ಹೊಸತೊಡಕಿನ ದಿವ್ಸ ನಾನು ನಿಮ್ಮಂಗಡಿಗೆ ಬಂದಿರ್ಲಿಲ್ಲ.