ಗಂಗವ್ವನಿಗೆ ಬಾಗಿಲು ಹಾಕಿದ ಮಹಾದೇವಕ್ಕ

ಯರಗುಪ್ಪಿಯಿಂದಾಚೆ, ಬೆಣ್ಣಿಹಳ್ಳವೂ ಅದನ್ನು ಸೇರುವ ಕಿರುಹಳ್ಳವೊಂದೂ ತಬ್ಬಿಕೊಂಡಿರುವ ಎರೆನೆಲದ ಮೇಲೆ ಒಂದು ಚಿಕ್ಕ ಊರಿದೆ. ಮೇಲಿನ ಸೀಮೆಯಲ್ಲಿ ಮಳೆ ಕಟ್ಟಿ ಹೊಡೆಯಿತೆಂದರೆ ಅದು ಊರಲ್ಲ, ನಾಲ್ಕೂ ದಿಕ್ಕಿಗೆ ನೀರು ನಿಂತ ನಡುಗಡ್ಡೆ. ಹಿಂದೆ ತಲೆಮಾರಿಗೊಮ್ಮೆ ಕಾಣುತ್ತಿದ್ದ ಅಂಥ ನೆರೆ ಈಗ ವರ್ಷ ವರ್ಷವೂ ಬರತೊಡಗಿದೆ. ಆಗ ಟ್ಯಾಂಕರು ಬಾರದು. ನಲ್ಲಿಯ ಪೈಪು ಕಿತ್ತುಹೋಗುತ್ತದೆ. ಕೊಳವೆಬಾವಿಯ ನೀರು ಬಾಯಿಗಿಡಲಾಗದ ಸವಳು. ಊರ ಮೇಲ್ಗಡೆಯ ಕಲ್ಲುದಿಬ್ಬವಾದ ಮಡ್ಡಿಯ ಮೇಲೆ ಬಿದ್ದ ಮಳೆ ಕಾಲುವೆಯಲ್ಲಿ ಹರಿದುಬಂದು ತುಂಬುವ ಕೆರೆಯೊಂದೇ ಊರಿನ ಬಾಯಾರಿಕೆಗೆ ಗತಿ.

ಆ ಕೆರೆಯ ಏರಿಯನ್ನು ಚಪ್ಪಲಿ ಕಳಚದೆ ಯಾರೂ ಹತ್ತುವುದಿಲ್ಲ. ನಸುಕಿನಲ್ಲಿ ವಿಭೂತಿ ಧರಿಸಿ, ಮೆಟ್ಟಿಲು ಗುಡಿಸಿ, ಪೂಜೆಗೆ ಮೊದಲ ಕೊಡ ಒಯ್ಯುವವಳು ಮಹಾದೇವಕ್ಕ. ಹೊಸ ನೀರು ಬಂದ ದಿನ, ಕಾಲುವೆ ಕೆರೆಗೆ ಸೇರುವ ಬಾಯಲ್ಲಿ ಆರತಿ ಬೆಳಗುವುದು ಅವಳ ಮನೆತನದ ಹಕ್ಕು. ಹೋದ ವರ್ಷವೂ ಬೆಳಗಿದ್ದಳು. ಆದರೆ ಅಂದು ಬಂದದ್ದು ಮಡ್ಡಿಯ ನೀರಾಗಿರಲಿಲ್ಲ. ಉಕ್ಕಿದ ಹಳ್ಳವೇ ಕಾಲುವೆಗೆ ನುಗ್ಗಿ, ಹೊಲಗಳ ಔಷಧವನ್ನೂ ತಿಪ್ಪೆಗಳ ಕೊಳೆಯನ್ನೂ ಹೊತ್ತು ಕೆರೆ ಸೇರಿತ್ತು. ಬರುವ ಗಂಗೆಗೆ ಅಡ್ಡ ಕಟ್ಟುವುದು ಪಾಪವೆಂದು ಹಿರಿಯರಿಂದ ಕೇಳಿಬಂದ ಊರಿನಲ್ಲಿ ಆ ಬಾಯಿಯನ್ನು ಮುಚ್ಚುವ ಯೋಚನೆ ಒಬ್ಬರಿಗೂ ಹೊಳೆದಿರಲಿಲ್ಲ. ವಾಂತಿಭೇದಿ ಮನೆಮನೆ ಹೊಕ್ಕಿತು. ಮಹಾದೇವಕ್ಕನ ಮೊಮ್ಮಗಳು ಅಮೃತಾ ಕಣ್ಣು ಮೇಲೆ ಮಾಡಿದಾಗ, ಕಾಲುವೆಯ ಬಾಜು ಹೊಲದ ಗುಲಾಮಹುಸೇನ ಅವಳನ್ನು ಟ್ರ್ಯಾಕ್ಟರಿನಲ್ಲಿ ಮಲಗಿಸಿ, ನೀರು ದಾಟಿಸಿ, ಕುಂದಗೋಳದ ಆಸ್ಪತ್ರೆ ಮುಟ್ಟಿಸಿದ. ಹುಡುಗಿ ಬದುಕಿದಳು. ಇನ್ನೊಮ್ಮೆ ಹೀಗಾಗಗೊಡುವುದಿಲ್ಲವೆಂದು ಮಹಾದೇವಕ್ಕ ಮನಸ್ಸು ಗಟ್ಟಿಮಾಡಿಕೊಂಡಳು.

ಈ ಸಲದ ಶ್ರಾವಣದಲ್ಲಿ ಕೆರೆ ಇನ್ನೂ ಅರ್ಧಕ್ಕಿರುವಾಗಲೇ ಗುಲಾಮಹುಸೇನ ಏದುಸಿರು ಬಿಡುತ್ತ ಬಂದ.

“ಅಕ್ಕಾರ, ಹಳ್ಳ ಏರಾಕತ್ತೈತ್ರಿ. ಸಂಜೀಕ ರಸ್ತಾ ಮುಚ್ಚತೈತಿ.”

“ಹಂಗಾರ ಚೀಲಾ ತುಂಬೂಣು ನಡಿ, ತಮ್ಮಾ.”

ಅವನ ಹೊಲದ ಮಣ್ಣನ್ನೇ ಚೀಲಗಳಿಗೆ ತುಂಬಿ ಕಾಲುವೆಯ ಬಾಯಿಗೆ ಒಟ್ಟತೊಡಗಿದರು. ಮಹಾದೇವಕ್ಕನ ಮೈದುನ, ಊರಿನ ಹಿರಿಯ ಈರಪ್ಪ, ಸುದ್ದಿ ಕೇಳಿದವನೇ ಬಂದು ಕಾಲುವೆಯ ನಡುವೆ ನಿಂತ.

“ವೈನಿ, ಬರೂ ಗಂಗವ್ವನ ಮಾರಿಗೆ ಬಾಗಲಾ ಹಾಕ್ತೀರೇನು? ಅದೂ ಆರತಿ ಹಿಡಿಯೂ ಕೈಲೆ?”

“ಬೀಗರು ಬಂದ್ರ ಕಾಲ ತೊಳಕೊಂಡು ಒಳಗ ಬರ್ರಿ ಅಂತೀವಿಲ್ಲೋ, ಈರಪ್ಪ? ಗಂಗವ್ವಗೂ ಅಷ್ಟ ಹೇಳಾಕತ್ತೇನಿ.”

“ಮುಂದ ಮಳಿ ಆಗಲಿಲ್ಲಂದ್ರ? ಅರ್ಧಾ ಕೆರಿ ಇಟಗೊಂಡು ಬ್ಯಾಸಿಗ್ಯಾಗ ಏನ ಕುಡಿಯೂಣು?”

ಗುಲಾಮಹುಸೇನ ಚೀಲ ಇಳಿಸಿ ಬೆನ್ನು ನೆಟ್ಟಗೆ ಮಾಡಿದ. “ಕಾಕಾ, ಹ್ವಾದ ವರ್ಷ ತುಂಬಿದ ಕೆರೀ ನೀರು ಕುಡದು ತಂಬಗಿ ಹಿಡಕೊಂಡು ಬೇಲಿ ಕಡೆ ಓಡಿದ್ದು ಮರತ್ರೇನ್ರಿ?”

“ನಿನ್ನ ಬಾಯಾಗ ಮಣ್ಣ ಹಾಕ!” ಎಂದ ಈರಪ್ಪನ ಮೀಸೆಯಂಚಿನಲ್ಲಿ ನಗೆ ಇಣುಕಿತಾದರೂ ಕಾಲು ಕದಲಲಿಲ್ಲ. “ಬ್ಯಾಸಿಗ್ಯಾಗ ಕೆರಿ ಒಣಗಿದ್ರ ಊರಿಗೆ ಯಾರು ಉತ್ತರಾ ಕೊಡವ್ರು?”

“ನಾನು,” ಎಂದಳು ಮಹಾದೇವಕ್ಕ. “ಸರೀ ಆ ಕಡೆ.”

ಅವನು ಸರಿದ, ಆದರೆ ಚೀಲಕ್ಕೆ ಕೈ ಹಚ್ಚಲಿಲ್ಲ. ಏರಿಯ ಮೇಲೆ ಕುಳಿತು ನೋಡಿದ. ಅತ್ತಿತ್ತಲಿನವರು ಕೆಲವರು ಅವನ ಬಾಜು ಕುಳಿತರು, ಕೆಲವರು ಗುದ್ದಲಿ ಹಿಡಿದು ಕೆಳಗಿಳಿದರು.

ಹೊತ್ತು ಇಳಿಯುವ ಮೊದಲೇ ಹಳ್ಳ ದಂಡೆ ಮೀರಿ ಚೀಲಗಳ ಸಾಲಿಗೆ ಎದೆಗೊಟ್ಟಿತು. ಕಾಲುವೆಯಲ್ಲಿ ಕಪ್ಪು ನೊರೆ ತಿರುಗುತ್ತಿತ್ತು. ಚೀಲದೊಳಗಿನ ಒಣ ಮಣ್ಣುಹೆಂಟೆಗಳ ಸಂದಿಯಲ್ಲಿ ನೀರು ಜಿನುಗಿತು. ಜಿನುಗಿದ್ದು ಸಣ್ಣ ಧಾರೆಯಾಯಿತು. ಮಹಾದೇವಕ್ಕ ಸೆರಗು ಬಿಗಿದು, ಬೆನ್ನನ್ನೇ ಚೀಲಕ್ಕೆ ಒತ್ತಿ ನಿಂತಳು. ಅವಳ ಕಾಲಸಂದಿಯಿಂದಲೂ ನೀರು ಕೆರೆಯ ಕಡೆ ಹರಿಯಿತು.

“ಹೆಂಟಿ ತುಂಬಿದ್ರ ನೀರು ನಿಂದರತೈತೇನ್ಲೇ? ಮಾಳಿಗಿ ಮ್ಯಾಲ ಹಿಂಗ ಮಣ್ಣ ಹಾಕ್ತೀರೇನು?” ಎಂದು ಈರಪ್ಪ ಏರಿಯಿಂದ ಗುಡುಗಿದ. ಕೂತಲ್ಲಿಂದ ಎದ್ದೇ ಬಂದ. ಎರೆಮಣ್ಣಿಗೆ ಹೊಟ್ಟು ಬೆರೆಸಿ, ನೀರು ಹೊಯ್ದು, ಮಣ್ಣಿನ ಮಾಳಿಗೆಗೆ ಹದ ಮಾಡುವಂತೆ ತುಳಿಯತೊಡಗಿದ. ಏರಿಯ ಮೇಲೆ ಕುಳಿತವರೂ ಇಳಿದು ತುಳಿದರು.

“ಪಾಪ ಅಂತಿದ್ದಿ?” ಎಂದಳು ಮಹಾದೇವಕ್ಕ.

“ಪಾಪನ. ಆದ್ರ ಇದ್ದ ಅರ್ಧಾನೂ ಕಳಕೊಳ್ಳಾಕ ನಾ ಹುಚ್ಚಲ್ಲ, ವೈನಿ.”

ತುಳಿದ ಮಣ್ಣನ್ನು ಮುದ್ದೆಮುದ್ದೆಯಾಗಿ ಸಂದಿಗೆ ಮೆತ್ತಿದಂತೆ ಧಾರೆ ಸಣ್ಣದಾಗಿ, ಹನಿಯಾಗಿ, ನಿಂತಿತು.

ಊರು ನಡುಗಡ್ಡೆಯಾಯಿತು. ದಾರಿ ಮುಚ್ಚಿದ್ದಷ್ಟು ದಿನವೂ ಮಹಾದೇವಕ್ಕ ಮೆಟ್ಟಿಲಲ್ಲಿ ನಿಂತು, ಮನೆಗೆ ಎರಡೇ ಕೊಡವೆಂದು ಕಟ್ಟುಮಾಡಿದಳು. “ವೈನೀ ಮನಿ ಕೊಡ ದೊಡ್ಡದೈತಿ, ನೋಡ್ರಿ” ಎಂದು ಈರಪ್ಪ ಕೆಣಕಿದರೆ, ತನ್ನ ಕೊಡವನ್ನು ಅವನ ಕೈಗಿತ್ತು ಅವನದನ್ನು ತಾನು ಹೊತ್ತಳು. ಒಂದು ಕೂಸೂ ಹಾಸಿಗೆ ಹಿಡಿಯಲಿಲ್ಲ.

ನೆರೆ ಇಳಿಯಿತು. ಬಿಸಿಲು ಬಿದ್ದಿತು. ಕೆರೆ ಅರ್ಧಕ್ಕೇ ಇತ್ತು. ಮಳೆ ಬಾರದೆ ಕಳೆದ ಒಂದೊಂದು ದಿನವೂ ಜನರ ನೋಟ ಮಹಾದೇವಕ್ಕನ ಮೇಲೆ ಭಾರವಾಗಿ ಕೂತಿತು. ಅವಳು ಶಿವಧ್ಯಾನದಲ್ಲಿ ಕುಳಿತು ಎದ್ದಳು. ಕೊಳೆ ತುಂಬಿದ ಕಾಲುವೆಯನ್ನು ಮಡ್ಡಿಯ ತನಕ ಬಳಿಸಿ ಚೊಕ್ಕಟ ಮಾಡಿಸಿದಳು.

ಕೊನೆಗೊಂದು ಮಧ್ಯಾಹ್ನ ಮಡ್ಡಿಯ ಮೇಲೆ ಮಳೆ ಜಡಿಯಿತು. ಕಾಲುವೆಯಲ್ಲಿ ನೀರು ಬಂದದ್ದೇ ಚೀಲಗಳ ಕಟ್ಟೆ ಕಡಿಯಲು ಈರಪ್ಪ ಗುದ್ದಲಿ ಎತ್ತಿದ. ಮಹಾದೇವಕ್ಕ ಬಾಗಿ ಬೊಗಸೆ ತುಂಬಿಕೊಂಡಳು. ರಾಡಿನೀರಿನಲ್ಲಿ ಅಂಗೈ ಕಾಣಲಿಲ್ಲ. ಕಾಲುವೆಯ ಬದಿ ಒಡೆಸಿ ಆ ನೀರನ್ನು ಹಳ್ಳಕ್ಕೆ ಬಿಡಿಸಿದಳು.

“ಹೊಂಟತಿ, ವೈನಿ, ಹೊಂಟತಿ!” ಎಂದು ಅವನು ಚಡಪಡಿಸಿದ.

“ಹೋಗಲಿ ಬಿಡು.”

ಮಳೆ ನಿಲ್ಲಲಿಲ್ಲ. ಅವಳು ಮತ್ತೆ ಬಾಗಿದಳು, ಚೆಲ್ಲಿದಳು, ಮತ್ತೆ ಬಾಗಿದಳು. ಈ ಸಲ ಬೊಗಸೆಯ ತಳದಲ್ಲಿ ಅಂಗೈಯ ಗೆರೆಗಳು ತೋರಿದವು.

“ಈಗ ಕಡಿ, ಈರಪ್ಪ,” ಎಂದಳು.